ಹದಿನಾಲ್ಕನೇ ಮಂಚದ ಕರಡಿಗೆ

ಆ ಸೋಮವಾರ ಬೆಳಿಗ್ಗೆ ಪುಣೆಯ ಮೇಲೆ ಮಾರ್ಗಶಿರದ ಮಂಜು ಕವಿದಿತ್ತು. ಬೀದಿಯಲ್ಲಿ ಟಾಂಗಾದ ಗಂಟೆ ಮೊದಲು ಕೇಳಿ, ಕುದುರೆಯ ಮುಖ ಆಮೇಲೆ ಕಾಣುತ್ತಿತ್ತು. ಕ್ಯಾಂಪ್ ಪೇಟೆಯ ಅರಿವೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಗೂಳಪ್ಪ ಆ ಮಂಜಿನಲ್ಲೇ ಪಂಚಾಕ್ಷರಿ ಜಪಿಸುತ್ತ ಆಸ್ಪತ್ರೆಯ ಕಡೆ ನಡೆದಿದ್ದ. ಜಪದ ನಡುವೆ ಡಾಕ್ಟರರ ಮಾತು ನುಗ್ಗಿ ಬರುತ್ತಿತ್ತು. ಜ್ವರ ಏರಿದೆ, ಇವತ್ತು ಸಂಜೆಯೊಳಗೆ ಆಕೆ ನೀರು ಕುಡಿಯದಿದ್ದರೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದಿದ್ದರು ಅವರು.

ಆಕೆ ಎಂದರೆ ಗೂಳಪ್ಪನ ಹೆಂಡತಿ ಸಾವಂತ್ರವ್ವ. ಎದೆಯ ಮೇಲೆ ಬಾವು ಎದ್ದಿತ್ತು, ಶುಕ್ರವಾರ ಕೊಯ್ದು ಕೀವು ತೆಗೆದಿದ್ದರು. ಕೊಯ್ಯುವ ಮೊದಲು, ಮದ್ದು ಮೂಸಿಸಿ ಎಚ್ಚರ ತಪ್ಪಿಸಿದ ಮೇಲೆ, ನರ್ಸಬಾಯಿ ಕೊರಳಲ್ಲಿದ್ದದ್ದನ್ನೆಲ್ಲ ಬಿಚ್ಚಿ ಚೀಲಕ್ಕೆ ಹಾಕಿ, ಮೇಲೆ ಮಂಚದ ನಂಬರು ಬರೆದು, ಉಗ್ರಾಣಕ್ಕೆ ಕಳಿಸಿದಳು. ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆಯೂ ಅದರ ಸಂಗಡ ಹೋಯಿತು. ಹುಟ್ಟಿದ ಎಂಟನೇ ದಿನ ಗುರುಗಳು ಕಟ್ಟಿದ ಲಿಂಗ ಅದು. ಬಾಣಂತನದಲ್ಲಿಯೂ ಮೈಬಿಟ್ಟು ಅಗಲಿರಲಿಲ್ಲ. ಶನಿವಾರವೆಲ್ಲ ಜ್ವರದ ಮಂಪರು. ಭಾನುವಾರ ಕಣ್ಣು ಬಿಟ್ಟವಳು ಮೊದಲು ಎದೆ ಮುಟ್ಟಿ ನೋಡಿಕೊಂಡಳು, ಆಮೇಲೆ ತುಟಿ ಬಿಗಿದುಕೊಂಡಳು.

“ಒಂದು ಗುಟುಕು ನೀರು ಕುಡಿ,” ಎಂದಿದ್ದ ಗೂಳಪ್ಪ.

“ಲಿಂಗಕ್ಕ ತೋರಸದ ನೀರು ಹ್ಯಾಂಗ ಕುಡೀಲ್ರಿ?”

“ಸ್ವಾಮಿಗಳನ್ನ ಕರಸಿ ಬ್ಯಾರೆ ಲಿಂಗ ಕಟ್ಟಸಲೇನು?”

“ನಿಮಗ ಬ್ಯಾರೆ ಹೇಣ್ತಿ ಸಿಕ್ಕಾಳು. ನನಗ ಬ್ಯಾರೆ ಲಿಂಗ ಬ್ಯಾಡ,” ಎಂದು ಗೋಡೆಯ ಕಡೆ ಹೊರಳಿದ್ದಳು. ಗೂಳಪ್ಪ ಉಗ್ರಾಣಕ್ಕೆ ಓಡಿದರೆ ರಜೆಯ ದಿನವೆಂದು ಬೀಗ ಬಿದ್ದಿತ್ತು.

ಇವತ್ತು ಆಸ್ಪತ್ರೆಯ ಅಂಗಳದಲ್ಲಿ ಚಪ್ಪರವೆದ್ದಿತ್ತು. ಊರು ಕೊಟ್ಟದ್ದನ್ನು ಊರಿಗೇ ಮರಳಿ ಕೊಡುವ ದಿನವೆಂದು ಕೆಂಪು ಬಟ್ಟೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರು. ಬಡವರು ನಸುಕಿನಿಂದಲೇ ಸಾಲಾಗಿ ಕೂತಿದ್ದರು, ಅವರಿಗೆಲ್ಲ ಕಂಬಳಿ ಕೊಡುವುದಿತ್ತು. ಆದರೆ ಫೋಟೋದಲ್ಲಿ ಚಳಿ ಕಾಣಬೇಕಲ್ಲ! ಹೊದ್ದು ಬಂದಿದ್ದ ಹರಕು ಗೋಣಿ, ಸೀರೆಯ ತುಂಡುಗಳನ್ನೆಲ್ಲ ಕಾರ್ಯಕರ್ತರು ಕಿತ್ತು ಒಂದು ಮೂಲೆಗೆ ಒಟ್ಟಿದ್ದರು. ಮುದುಕನೊಬ್ಬ ಬರಿಮೈಯಲ್ಲಿ ಹಲ್ಲು ಕಡಿಯುತ್ತ, ತನ್ನ ಗೋಣಿ ಯಾವುದೆಂದು ಆ ರಾಶಿಯಲ್ಲಿ ಕಣ್ಣಿನಲ್ಲೇ ಹುಡುಕುತ್ತಿದ್ದ.

ಕಂಬಳಿಯ ಖರ್ಚಿಗೆಂದು ಒಂದು ಮೇಜು ಹಾಕಿದ್ದರು. ಆಸ್ಪತ್ರೆಯಲ್ಲಿ ವಾರಸುದಾರರಿಲ್ಲದೆ ಸತ್ತವರ ಮೂಗುತಿ, ಕಾಲುಂಗುರ, ತಾಮ್ರದ ತಂಬಿಗೆ, ಚಷ್ಮಾ ಅದರ ಮೇಲೆ ಮಾರಾಟಕ್ಕಿದ್ದವು. ಮೇಜಿನ ಹಿಂದೆ ಉಗ್ರಾಣದ ನಿಜಲಿಂಗಪ್ಪ ನಿಂತಿದ್ದ. ಅವನ ಹಣೆಯ ತುಂಬ ವಿಭೂತಿ, ಕರಿ ಕೋಟಿನೊಳಗೆ ಉಬ್ಬಿ ಕಾಣುವ ಕರಡಿಗೆ. ನಮ್ಮವರೇ ಇದ್ದಾರೆ ಎಂದು ಗೂಳಪ್ಪನ ಜೀವ ತಂಪಾಯಿತು.

“ಶರಣ್ರಿ. ನಮ್ಮ ಮನೀ ಮಂದೀದು ಒಂದು ಚೀಲ ನಿಮ್ಮ ಕಡೆ ಅದ. ಹದಿನಾಲ್ಕನೇ ಮಂಚ.”

ನಿಜಲಿಂಗಪ್ಪ ದಫ್ತರು ತೆರೆದು ಬೆರಳಾಡಿಸಿದ. “ಹದಿನಾಲ್ಕನೇ ಮಂಚದಾಕಿ ಶನಿವಾರ ರಾತ್ರಿ ತೀರಿಕೊಂಡಾಳಲ್ರಿ. ಹಿಂದ ಮುಂದ ಯಾರೂ ಇಲ್ಲಂತ ಬರದದ.”

“ಸತ್ತಾಕಿ ಬ್ಯಾರೆ! ಕೊಯ್ದ ಮ್ಯಾಲ ನಮ್ಮಾಕಿನ್ನ ಒಂಬತ್ತನೇದಕ್ಕ ಒಯ್ದಾರ. ಬದುಕ್ಯಾಳ್ರೀ ಅಕಿ!”

ಆ ಆಸ್ಪತ್ರೆಯಲ್ಲಿ ಮನುಷ್ಯರಿಗೆ ಹೆಸರಿರಲಿಲ್ಲ, ಮಂಚಕ್ಕೆ ನಂಬರು ಇತ್ತು. ನಿಜಲಿಂಗಪ್ಪನ ಬೆರಳು ದಫ್ತರಿನ ಮೇಲೆ ನಿಂತಿತು. ಅವನ ಕಣ್ಣು ತನಗರಿಯದೆಯೇ ಪಕ್ಕದ ಕುರ್ಚಿಯ ಕಡೆ ಹೋಯಿತು. ಅಲ್ಲಿ ಆಸ್ಪತ್ರೆಯ ಮುಖ್ಯಸ್ಥರಾದ ಶೇಠರು ಕೂತಿದ್ದರು. ಅಂದಿನ ಮೊದಲ ಖರೀದಿ ಅವರದೇ. ಅಂಗೈಯಲ್ಲಿದ್ದ, ಆಗಷ್ಟೇ ಕೊಂಡ ಬೆಳ್ಳಿಯ ಡಬ್ಬಿ ತೆರೆದು, ಅಡಿಕೆಯ ಚೂರೊಂದನ್ನು ಬಾಯಿಗೆಸೆದುಕೊಂಡು, ಎದುರಿಗಿದ್ದ ಗೂಳಪ್ಪನ ಮುಂದೆಯೂ ಹಿಡಿದರು.

“ಘ್ಯಾ, ಘ್ಯಾ. ಲವಂಗ ಘ್ಯಾ,” ಎಂದು ಮರಾಠಿಯಲ್ಲಿ ತೆಗೆದುಕೊಳ್ಳಲು ಹೇಳಿದರು.

ಮುಚ್ಚಳದ ಮೇಲೆ ಒಂದು ತಗ್ಗು. ಒಗೆಯುವ ಕಲ್ಲಿಗೆ ಬಡಿದು ಆದ ತಗ್ಗು, ಸಾವಂತ್ರವ್ವ ಮೂರು ದಿನ ಮರುಗಿದ್ದಳು ಅದಕ್ಕೆ. ಲಿಂಗ ಕೂಡುವ ಜಾಗದಲ್ಲಿ ಲವಂಗ, ತಂಬಾಕು, ಎಂಜಲು ಬೆರಳಿನ ಸುಣ್ಣ. ಗೂಳಪ್ಪ ಚಪ್ಪರದಾಚೆ ಹೋಗಿ, ಗೋಡೆ ಹಿಡಿದು, ಖಾಲಿ ಹೊಟ್ಟೆಯ ಪಿತ್ತವನ್ನೆಲ್ಲ ಕಾರಿಕೊಂಡ. ಶಿವನು ಎಲ್ಲೆಲ್ಲಿಯೂ ಇದ್ದಾನೆಂದು ಚಿಕ್ಕಂದಿನಿಂದ ನಂಬಿದವನು ಅವನು. ಈ ಅಂಗಳದಲ್ಲಿ ಆತ ಹೇಗೆ ಇದ್ದಾನೋ, ಈ ವಾಸನೆಯನ್ನು ಹೇಗೆ ತಾಳಿದ್ದಾನೋ ಎನ್ನಿಸಿತು.

ಬಾಯಿ ಒರೆಸಿಕೊಂಡು ನಿಜಲಿಂಗಪ್ಪನ ಹತ್ತಿರ ಮರಳಿ ಬಂದ. “ಒಳಗಿಂದು ಏನು ಮಾಡಿದ್ರಿ?”

“ಒಳಗ ಏನೂ ಇದ್ದಿಲ್ರಿ. ಡಬ್ಬಿ ಖಾಲಿ ಇತ್ತು.”

“ಡಬ್ಬಿ? ನಿಮ್ಮ ಎದೀ ಮ್ಯಾಲಿಂದಕ್ಕೂ ಮನ್ಯಾಗ ಡಬ್ಬಿ ಅಂತಾರೇನ್ರಿ?”

“ಮೆಲ್ಲಕ ಮಾತಾಡ್ರಿ, ಶೇಠ್‌ಜಿ ಅದಾರ. ನಾಳೆ ಹ್ಯಾಂಗರೆ ಮಾಡಿ ಅದನ್ನ ತಿರುಗಿ ಇಸಗೊಡ್ತೀನಿ.”

“ಆ ಬೆಳ್ಳಿ ಅವರಿಗೇ ಇರಲಿ, ಅದಕ್ಕ ಎಂಜಲಾತು. ಖಾಲಿ ಇತ್ತು ಅನ್ನೂದನ್ನ ನನ್ನ ಮುಂದ ಹೇಳಬ್ಯಾಡ್ರಿ. ಬರ್ರಿ, ಅಕೀ ಮುಂದ ಹೇಳ್ರಿ.”

ಎಳೆದುಕೊಂಡು ಹೋಗುವ ಅಗತ್ಯ ಬೀಳಲಿಲ್ಲ. ಫೋಟೋದವನು ಎಲ್ಲರನ್ನೂ ನಗಿರೆಂದು ಕೂಗುತ್ತಿದ್ದಾಗ ನಿಜಲಿಂಗಪ್ಪ ತಲೆ ತಗ್ಗಿಸಿ ಗೂಳಪ್ಪನ ಹಿಂದೆ ನಡೆದ. ಪಡಸಾಲೆಯಲ್ಲಿ ತಾನಾಗಿಯೇ ಬಾಯಿ ಬಿಟ್ಟ.

“ಸತ್ತಾಕಿದು ಅಂತ ತಿಳಕೊಂಡೆ. ಲಿಂಗ ಮಣ್ಣಾಗ ಅಕೀ ಸಂಗಾಟನಽ ಹೋಗಬೇಕಾಗಿತ್ತು, ಖರೆ. ನಾನು ನೋಡೂದ್ರೊಳಗ ಮುನಸಿಪಾಲ್ಟಿಯವರು ಹೆಣ ಒಯ್ದು ಸುಟ್ಟಿದ್ರು. ಲಿಂಗ ಚೆಲ್ಲಾಕ ಕೈ ಬರಲಿಲ್ರಿ.”

“ಬೆಳ್ಳಿ ಮಾರಾಕ ಕೈ ಬಂತು.”

ಸುಳ್ಳನ್ನು ಕೇಳಿದಾಗ ಆದದ್ದಕ್ಕಿಂತ ಹೆಚ್ಚಿನ ಹೇಸಿಗೆ ಈ ನಿಜವನ್ನು ಕೇಳಿ ಆಯಿತು ಗೂಳಪ್ಪನಿಗೆ. ಅರಿಯದ ಶೇಠನನ್ನಾದರೂ ಕ್ಷಮಿಸಬಹುದು. ಇವನು ಅರಿತವನು, ಬಿಡಿಸಿ ತೆಗೆದು ಬೇರೆ ಮಾಡಿ ಇಟ್ಟವನು.

ಒಂಬತ್ತನೇ ಮಂಚದಲ್ಲಿ ಸಾವಂತ್ರವ್ವನ ತುಟಿಗಳು ಒಣಗಿ ಬಿರಿದಿದ್ದವು. ತಲೆಯ ಹತ್ತಿರ ನೀರಿನ ಲೋಟ ತುಂಬಿಯೇ ಇತ್ತು. ಹೆಜ್ಜೆಯ ಸಪ್ಪಳಕ್ಕೆ ಕಣ್ಣು ತೆರೆಯದೆ ಕೇಳಿದಳು, “ಯಾರ್ರಿ ಬಂದಾರ?”

“ಉಗ್ರಾಣದವರು,” ಎಂದ ಗೂಳಪ್ಪ.

ಅವಳು, ಕೊಡಲೆಂದೇ ಬಂದಿದ್ದಾರೆ ಎಂದು ನಂಬಿ, ಕಂಬಳಿಯೊಳಗಿಂದ, ಲಿಂಗವಿಟ್ಟು ಪೂಜಿಸುವ ಎಡಗೈಯನ್ನು ಮೆಲ್ಲಗೆ ಹೊರಗೆ ತಂದು ಅಂಗೈ ಚಾಚಿದಳು.

ನಿಜಲಿಂಗಪ್ಪ ಮೂಲೆಯ ಕೊಡದಿಂದ ನೀರು ಬಗ್ಗಿಸಿ ಎರಡೂ ಕೈ ತೊಳೆದುಕೊಂಡ. ಕೋಟಿನ ಗುಂಡಿ ಬಿಚ್ಚಿದ. ತನ್ನ ಕರಡಿಗೆಯ ಮಗ್ಗುಲಲ್ಲೇ ಬಿಳಿ ಅರಿವೆಯಲ್ಲಿ ಕಟ್ಟಿಟ್ಟುಕೊಂಡಿದ್ದ ಗಂಟನ್ನು ಬಿಚ್ಚಿ, ಲಿಂಗವನ್ನು ಅವಳ ಅಂಗೈ ಮೇಲೆ ಇಟ್ಟ.