ಬ್ರೆಡ್ಡು ವ್ಯಾನಿನ ಗೃಹಪ್ರವೇಶ

ದುರ್ಗಿಗುಡಿಯ ಆ ಮನೆಗೆ ವೀರಮ್ಮ ಸೊಸೆಯಾಗಿ ಬಂದು ಮೂವತ್ತು ವರ್ಷದ ಮೇಲಾಗಿತ್ತು. ಅಷ್ಟು ವರ್ಷದಲ್ಲಿ ಇವತ್ತು ಏನು ಸಾರು ಅನ್ನುವುದನ್ನು ಒಂದೇ ಒಂದು ದಿನ ಅವಳು ತಾನಾಗಿ ತೀರ್ಮಾನ ಮಾಡಿರಲಿಲ್ಲ. ಮಾಡುತ್ತಿದ್ದವಳೇನೋ ಅವಳೇ. ಬೇಳೆ ತೊಳೆಯುವುದು, ಹುಣಸೆಹಣ್ಣು ಕಿವುಚುವುದು, ಒಗ್ಗರಣೆ ಘಾಟಿಗೆ ಕೆಮ್ಮುವುದು ಎಲ್ಲ ಅವಳ ಪಾಲು. ತೀರ್ಮಾನ ಮಾತ್ರ ಹಿರಿಯ ಓರಗಿತ್ತಿ ಶಕುಂತಲಮ್ಮನದು. ಬೆಳಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು "ಅಕ್ಕಾ, ಇವತ್ತು ಏನು ಸಾರು?" ಅಂತ ಕೇಳಬೇಕು. ಶಕುಂತಲಮ್ಮ ಸೂರು ನೋಡುತ್ತ ಒಂದು ಗಳಿಗೆ ಯೋಚಿಸುತ್ತಾಳೆ. ಹುರುಳಿ ಅಂದರೆ ಹುರುಳಿ, ಸೊಪ್ಪು ಅಂದರೆ ಸೊಪ್ಪು. ಹಾಗಂತ ಶಕುಂತಲಮ್ಮ ಕೆಟ್ಟವಳೇನಲ್ಲ, ಪಾಪ. ಅವಳ ಅತ್ತೆ ಅವಳ ಕೈಗೆ ಕೊಟ್ಟುಹೋದ ಅಧಿಕಾರ ಅದು, ಕೆಳಗಿಡುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ವೀರಮ್ಮನ ಗಂಡ ಪರಮೇಶ್ವರಪ್ಪನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಗಂಡಸರಿಗೆ ಸಾರು ತಟ್ಟೆಗೆ ಬಿದ್ದರೆ ಆಯಿತು, ಅದರ ಹಿಂದಿನ ರಾಜಕೀಯ ಯಾರಿಗೆ ಬೇಕು? ಭದ್ರಾವತಿಯ ಕಾರ್ಖಾನೆಯೊಂದರ ಮೋಟಾರು ಶೆಡ್ಡಿನಲ್ಲಿ ಆಯುಸ್ಸು ಸವೆಸಿದ ಮನುಷ್ಯ, ಸ್ವಯಂನಿವೃತ್ತಿ ಅಂತ ಒಂದು ಬಂತಲ್ಲ, ಅದನ್ನು ತಗೊಂಡು ಮನೆಗೆ ಬಂದ. ನಾಲ್ಕು ದಿನ ಜಗಲಿಯಲ್ಲಿ ಕೂತು ನೋಡಿದ. ಕೈ ಸುಮ್ಮನಿರಲಿಲ್ಲ. ಭದ್ರಾವತಿಗೇ ವಾಪಸು ಹೋಗಿ, ಬೇಕರಿಯವರೊಬ್ಬರು ಗುಜರಿಗೆ ಹಾಕಲು ನಿಲ್ಲಿಸಿದ್ದ ಮೆಟಡಾರ್ ವ್ಯಾನನ್ನು ರಿಪೇರಿ ಮಾಡಿ ಓಡಿಸಿಕೊಂಡು ಬಂದ. ಹಿಂದಿನ ಬಾಗಿಲು ತೆಗೆದರೆ ಇನ್ನೂ ಬನ್ನಿನ ವಾಸನೆ. ಬ್ರೆಡ್ಡಿನ ಟ್ರೇ ಇಡುವ ಕಂಬಿಗಳಿಗೆ ಹಲಗೆ ಜೋಡಿಸಿ ಎರಡು ಮಂಚ ಮಾಡಿದ, ತಗಡು ಕತ್ತರಿಸಿ ಕಿಟಕಿ ಇಟ್ಟ, ಪಾತ್ರೆಗೊಂದು ಗೂಡು, ದೇವರಿಗೊಂದು ಗೂಡು. ಇದು ಮನೆ ಕಣೇ ಅಂದ. ಬೀದಿಯವರು ಬಂದು ನೋಡಿ, ತ್ಯಾವರೆಕೊಪ್ಪದಲ್ಲಿ ಹುಲಿ ನೋಡೋಕೆ ಜನರನ್ನ ಇಂಥದ್ದರಲ್ಲೇ ಕೂರಿಸ್ತಾರೆ ಅಂದು ನಕ್ಕರು. ವೀರಮ್ಮನಿಗೆ ಅಳು ಬಂತು. ತಲೆ ಕೆಟ್ಟಿದೆ ಈ ಯಪ್ಪನಿಗೆ ಅಂದುಕೊಂಡಳು.

ಆ ವ್ಯಾನು ನಿಲ್ಲುವುದಕ್ಕೆ ಜಾಗ ಸಿಕ್ಕಿದ್ದು 'ಹಗುರ ಬಾಳು' ಬಳಗದಲ್ಲಿ. ಮಲವಗೊಪ್ಪ ದಾಟಿ, ಭದ್ರಾವತಿ ರಸ್ತೆಯಿಂದ ಒಳಗೆ ಹೋದರೆ ಒಂದು ಇಳಿಜಾರು ಜಮೀನು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತರಾದ ವಿಶ್ವಾರಾಧ್ಯರು ಅಲ್ಲಿ ಮಣ್ಣಿನ ಮನೆ ಕಟ್ಟಿ, ತಮ್ಮಂಥ ಹತ್ತಾರು ಜನರನ್ನು ಸೇರಿಸಿ, ಭೂಮಿಗೆ ಭಾರವಾಗದಂತೆ ಬದುಕುವ ಪ್ರಯೋಗ ನಡೆಸಿದ್ದರು. ಅಲ್ಲಿ ಸೋಪಿಲ್ಲ, ಅಂಟುವಾಳಕಾಯಿ. ಫ್ಯಾನಿಲ್ಲ, ಬೀಸಣಿಗೆ. ಕಕ್ಕಸಿಗೂ ನೀರಿಲ್ಲ, ಬೂದಿ. ತಿಂದದ್ದು, ಮಿಕ್ಕದ್ದು, ಆಮೇಲಿನದ್ದು ಎಲ್ಲ ಕಡೆಗೆ ಹೋಗಿ ಸೇರುವುದು ಇಳಿಜಾರಿನ ತಳದ ಗೊಬ್ಬರದ ಗುಂಡಿಗೆ. ಬಂದ ನೆಂಟರಿಗೆ ಮೊದಲು ತೋರಿಸುವುದೇ ಆ ಗುಂಡಿಯನ್ನು. ಬೇರೆಯವರು ಮಗಳ ಒಡವೆ ತೋರಿಸುವ ಹಾಗೆ ತೋರಿಸುತ್ತಿದ್ದರು. ಪರಮೇಶ್ವರಪ್ಪ ಅಲ್ಲಿನ ಕೈಪಂಪು ರಿಪೇರಿ ಮಾಡಿಕೊಟ್ಟ ಖುಷಿಗೆ ವಿಶ್ವಾರಾಧ್ಯರು, ಬೇಸಿಗೆಗೆ ಬಂದು ಇದ್ದುಬಿಡಿ ಅಂದರು. ಕೊಡುವುದಕ್ಕೆ ಕೋಣೆ ಇಲ್ಲ ಅಂತಲೂ ಅಂದರು. ಕೋಣೆ ನಾವೇ ತರ್ತೀವಿ ಬಿಡಿ ಅಂದ ಇವನು.

ಶಿವರಾತ್ರಿ ಮುಗಿಸಿ ಹೋಗಿ, ಮಳೆ ಹಿಡಿಯುವವರೆಗೆ ಅಲ್ಲೇ. ಮೊದಲ ದಿನ ವೀರಮ್ಮ ಗಂಟುಮುಖ ಹಾಕಿಕೊಂಡೇ ವ್ಯಾನು ಇಳಿದಳು. ಮರುದಿನ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ವ್ಯಾನಿನ ಹಿಂಬಾಗಿಲಿಗೆ ಬಂದು ನಿಂತಾಗ ಅಭ್ಯಾಸಬಲದಿಂದ "ಅಕ್ಕಾ" ಅಂತ ಬಾಯಿಂದ ಬಂದೇಬಿಟ್ಟಿತು. ಎದುರಿಗೆ ಹೊಂಗೆಮರ ಬಿಟ್ಟರೆ ಯಾರೂ ಇರಲಿಲ್ಲ. ಆಗ ಅವಳಿಗೆ ಹೊಳೆಯಿತು, ಹೇಳುವವರು ಯಾರೂ ಇಲ್ಲ ಅಂತ. ಮರದಡಿ ಮೂರು ಕಲ್ಲಿಟ್ಟು, ಬೇಲಿಯಲ್ಲಿ ಹಬ್ಬಿದ ಬಸಳೆ ಕಿತ್ತು ತಂದು ಸಾರು ಮಾಡಿದಳು. ಗಂಡ ತಲೆಯೆತ್ತಿ ಯಾಕೇ ಅಳ್ತಿದೀಯ ಅಂತ ಕೇಳಿದ್ದಕ್ಕೆ ಖಾರ ಜಾಸ್ತಿಯಾಯ್ತು ಅಂದಳು. ಅಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

ಹೀಗೆ ಎರಡು ಬೇಸಿಗೆ ಕಳೆಯಿತು. ಮೂರನೆಯದಕ್ಕೆ ಶಿವರಾಮ ಬಂದ.

ಶಿವರಾಮ ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವನು. ನೌಕರಿ ಬಿಟ್ಟು, ಸ್ಕೂಟರು ಮಾರಿ, ಬಳಗ ಸೇರಿದ್ದ. ಹೊಸದಾಗಿ ದೀಕ್ಷೆ ತಗೊಂಡವರ ಹುರುಪು ಗೊತ್ತಲ್ಲ, ಬಳಗದಲ್ಲಿ ವಿಶ್ವಾರಾಧ್ಯರೇ ಕದ್ದು ಕಾಫಿ ಕುಡಿಯುವ ಹಾಗಾಯಿತು. ಬಳಗಕ್ಕೆಲ್ಲ ಸೇರಿ ಅವನೊಂದು ಸೂರ್ಯನ ಒಲೆ ತಂದಿದ್ದ, ಗಾಜಿನ ಮುಚ್ಚಳದ ಕಪ್ಪು ಪೆಟ್ಟಿಗೆ. ವಾರಕ್ಕೊಂದು ದಿನ ಯಾರೂ ಸೌದೆ ಹಚ್ಚಬಾರದು, ಅದರಲ್ಲೇ ಬೇಯಿಸಬೇಕು ಅಂತ ಅವನ ಕಟ್ಟಳೆ. ಆವತ್ತು ಎಲ್ಲರೂ ಮಧ್ಯಾಹ್ನದ ಊಟವನ್ನು ಸಂಜೆ ಮಾಡುತ್ತಿದ್ದರು.

ಅವನ ಕಣ್ಣು ವ್ಯಾನಿನ ಮೇಲೆ ಬಿತ್ತು. ಬಳಗದ ಪದ್ಧತಿ ಏನೆಂದರೆ, ಊಟ ಆದ ಮೇಲೆ ಎಲ್ಲರೂ ಮರದಡಿ ಕೂತು ನಿಯಮ ಗೊತ್ತುಮಾಡಬೇಕು, ಯಾರಾದರೂ ಒಬ್ಬರು ಬೇಡ ಅಂದರೂ ಆ ಮಾತು ಅಲ್ಲಿಗೇ ಬಿತ್ತು. ಶಿವರಾಮ ಎದ್ದು ನಿಂತು, ಬರುವ ಬಸವ ಜಯಂತಿಯಿಂದ ಮೋಟಾರು ಇರುವ ಯಾವ ವಾಹನವೂ ಗೇಟಿನಿಂದ ಒಳಗೆ ಬರಕೂಡದು, ಇರಲೂ ಕೂಡದು, ಯಾವ ಕಾರಣಕ್ಕೂ ವಿನಾಯಿತಿ ಇಲ್ಲ ಅಂದ. ವೀರಮ್ಮ ಬಾವಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು. ಬೇಡ ಅನ್ನಬೇಕಾಗಿದ್ದ ಪರಮೇಶ್ವರಪ್ಪ ಮುದ್ದೆ ಉಂಡು ಮರಕ್ಕೊರಗಿ ತೂಕಡಿಸುತ್ತಿದ್ದ. ಯಾರಿಗಾದರೂ ಆಕ್ಷೇಪಣೆ ಇದೆಯಾ ಅಂತ ಕೇಳಿದಾಗ ಅವನ ತಲೆ ಎರಡು ಸಲ ಮುಂದಕ್ಕೆ ವಾಲಿತು. ಶಿವರಾಮ ಅದನ್ನು ಒಪ್ಪಿಗೆ ಅಂತ ಲೆಕ್ಕ ಹಾಕಿದ.

ಸುದ್ದಿ ಕೇಳಿ ವೀರಮ್ಮ ತೊಳೆಯುತ್ತಿದ್ದ ಪಾತ್ರೆ ಅಲ್ಲೇ ಬಿಟ್ಟು ಎದ್ದಳು. ಬಸವ ಜಯಂತಿಗೆ ಇನ್ನೆಷ್ಟು ದಿನ? ಆಮೇಲೆ ದುರ್ಗಿಗುಡಿ, ಅದೇ ಹೊಸ್ತಿಲು, ಅದೇ "ಅಕ್ಕಾ, ಇವತ್ತು ಏನು ಸಾರು?" ಆವತ್ತು ಮಧ್ಯಾಹ್ನವೆಲ್ಲ ಗಂಡನಿಗೆ ಬೈದಳು. ನಿದ್ದೆ ಮಾಡೋದಕ್ಕೂ ಒಂದು ಹೊತ್ತು ಬೇಡವೇನು ಮಾರಾಯ ಅಂತ ಬೈದು ಬೈದು ಸುಸ್ತಾದಳು. ಆಮೇಲೆ ಸೆರಗು ಸರಿಮಾಡಿಕೊಂಡು ನೇರ ವಿಶ್ವಾರಾಧ್ಯರ ಹತ್ತಿರ ಹೋದಳು. ಅಲ್ಲಿಯವರೆಗೆ ಅವರೆದುರು ಬಾಯಿ ಬಿಟ್ಟವಳಲ್ಲ.

"ವಾಹನ ಇರಬಾರದು, ಸರಿ. ಮನೆ ಇರಬಹುದಲ್ಲ?"

ಮನೆಗೇನು ತೊಂದರೆ ಅಂದರು ವಿಶ್ವಾರಾಧ್ಯರು.

"ಗೃಹಪ್ರವೇಶ ಆದದ್ದು ಮನೆ ತಾನೇ ಸ್ವಾಮಿ? ಹಸು ಒಳಗೆ ಬಂದು, ಹಾಲು ಉಕ್ಕಿದ ಮೇಲೆ ಅದನ್ನ ಯಾರಾದ್ರೂ ವ್ಯಾನು ಅಂತಾರಾ?"

ವಿಶ್ವಾರಾಧ್ಯರು ಗಡ್ಡ ತುರಿಸಿಕೊಂಡು, ಬಹಳ ಹೊತ್ತು ಯೋಚಿಸಿ, ಅನ್ನಲ್ಲ ಅಂದರು. ಶಿವರಾಮನಿಗೆ ಹೊಟ್ಟೆ ಉರಿದುಹೋಯಿತು. ಆದರೂ ಹಿರಿಯರ ಮಾತು, ತೆಗೆದುಹಾಕುವಂತಿಲ್ಲ. ಆಗಲಿ, ಶಾಸ್ತ್ರ ಪೂರ್ತಿ ಆಗಬೇಕು, ಒಂದು ಚೂರು ತಪ್ಪಿದರೂ ಅದು ವ್ಯಾನೇ ಅಂದ. ಜೊತೆಗೆ ಇನ್ನೊಂದು ಕೊಕ್ಕೆ ಹಾಕಿದ: ಬಸವ ಜಯಂತಿ ಬೀಳುವುದು ಸೌದೆ ಹಚ್ಚದ ದಿನದಂದೇ, ಹಾಲು ಉಕ್ಕಿಸುವುದಾದರೆ ಅವನ ಪೆಟ್ಟಿಗೆಯಲ್ಲೇ ಉಕ್ಕಿಸಬೇಕು.

ಬಸವ ಜಯಂತಿಯ ಬೆಳಗ್ಗೆ ದುರ್ಗಿಗುಡಿಯಿಂದ ಶಕುಂತಲಮ್ಮ ಚಕ್ಕುಲಿ ಡಬ್ಬಿ ಹಿಡಿದು ಬಸ್ಸಿಳಿದಳು. ಹಿರೀಸೊಸೆ ಇಲ್ಲದೆ ಗೃಹಪ್ರವೇಶವಾದರೆ ಜನ ಏನಂತಾರೆ? ವ್ಯಾನಿನ ಸುತ್ತ ಒಂದು ಸುತ್ತು ಬಂದು, ಮೂಗಿನ ಮೇಲೆ ಬೆರಳಿಟ್ಟುಕೊಂಡು, ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದರೆ ವೀರಮ್ಮನಿಗೆ ಇನ್ನೂ ಭಯ. ಪೂಜೆಗೆ ಬಂದ ಅಯ್ಯನವರು ಎಂಥೆಂಥ ಮನೆಗೋ ಕಾಲಿಟ್ಟವರು, ಹೊಸ್ತಿಲು ಎಲ್ಲಿ ಅಂತ ಮಾತ್ರ ಕೇಳಿದರು. ನಂಬರ್ ಪ್ಲೇಟಿನ ಮೇಲಿನ ಪಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಅದೇ ಹೊಸ್ತಿಲು ಅಂತಾಯಿತು.

ಪೆಟ್ಟಿಗೆಯಲ್ಲಿಟ್ಟ ಹಾಲು ಬಿಸಿಯಾಯಿತು, ಅಷ್ಟೇ. ಉಕ್ಕುವ ಲಕ್ಷಣವೇ ಇಲ್ಲ. ಶಿವರಾಮ ಗಾಜು ಒರೆಸಿದ, ಪೆಟ್ಟಿಗೆ ತಿರುಗಿಸಿದ, ಸೂರ್ಯನ ಕಡೆ ಹುಬ್ಬುಗಂಟಿಕ್ಕಿ ನೋಡಿದ. ಮುಹೂರ್ತ ಮೀರುತ್ತಿದೆ ಅಂತ ಅಯ್ಯನವರು ಗೊಣಗಿದರು. ಹಾಲಿನ ಪಾತ್ರೆ ಒಳಗೆ ಒಯ್ಯಮ್ಮ, ಮೊದಲು ಹಸು ಹತ್ತಲಿ, ಹಾಲಿನದ್ದು ಶಿವ ನೋಡಿಕೊಳ್ತಾನೆ ಅಂದರು. ವೀರಮ್ಮ ತುಂಬಿದ ಪಾತ್ರೆ ಹಿಡಿದು ವ್ಯಾನಿನೊಳಗೆ, ಮುಂಭಾಗದ ದೇವರ ಗೂಡಿನ ಹತ್ತಿರ ಹೋಗಿ ನಿಂತಳು. ಹಿಂದಿನಿಂದ ಹಲಗೆ ಇಟ್ಟು ಬಳಗದ ಹಸು ಗೌರಿಯನ್ನು ಹತ್ತಿಸಿದರು. ಮಲೆನಾಡು ಗಿಡ್ಡ ಜಾತಿ, ಮೇಜಿನಷ್ಟೆತ್ತರದ ಹಸು, ಸಲೀಸಾಗಿ ಹತ್ತಿತು. ಹತ್ತಿದ್ದೇ ಬಾಗಿಲಿನ ಮಾವಿನ ತೋರಣಕ್ಕೆ ಬಾಯಿ ಹಾಕಿತು.

ಇತ್ತ ಪರಮೇಶ್ವರಪ್ಪನ ಕಥೆ ಕೇಳಿ. ಬೆಳಗಿನಿಂದ ಅವನಿಗೆ ಯಾರೂ ಒಂದು ಕೆಲಸ ಹೇಳಿರಲಿಲ್ಲ. ಜೀವಮಾನವೆಲ್ಲ ಮೋಟಾರು ಶೆಡ್ಡಿನಲ್ಲಿ ಆಯುಧಪೂಜೆ ಮಾಡಿದ ಕೈ. ವ್ಯಾನಿಗೆ ಹೂವಿನ ಹಾರ ಬಿದ್ದದ್ದು ಕಂಡಿತು, ಊದುಬತ್ತಿ ವಾಸನೆ ಬಂತು. ಅಷ್ಟು ಸಾಕಾಯಿತು. ಅಭ್ಯಾಸದಂತೆ ಗೇರು ನ್ಯೂಟ್ರಲ್ಲಿಗೆ ಹಾಕಿ, ಬಗ್ಗಿ, ಚಕ್ರಕ್ಕೆ ಕೊಟ್ಟಿದ್ದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಆಚೆ ಇಟ್ಟು, ಆ ಜಾಗದಲ್ಲಿ ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟು, ಭಕ್ತಿಯಿಂದ ಕೈಮುಗಿದ. ಹ್ಯಾಂಡ್‌ಬ್ರೇಕು ಬೇಕರಿಯ ಕಾಲದಲ್ಲೇ ತೀರಿಕೊಂಡಿತ್ತು.

ಮೊದಲು ನೋಡಿದವನು ಶಿವರಾಮ.

"ಮನೆಗೆ ಯಾರ್ರೀ ನಿಂಬೆಹಣ್ಣು ಇಡ್ತಾರೆ?" ಅಂದ ಅವನು, ಗೆದ್ದ ಖುಷಿಯಲ್ಲಿ. "ಇವರೇ ಒಪ್ಪಿಕೊಂಡ ಹಾಗಾಯ್ತಲ್ಲ, ಇದು ವಾಹನ ಅಂತ."

ಅವನ ಮಾತು ಮುಗಿಯುವಷ್ಟರಲ್ಲಿ ಗೌರಿ ಇನ್ನೊಂದು ಹೆಜ್ಜೆ ಒಳಗಿಟ್ಟಿತು. ನಿಂಬೆಹಣ್ಣು ಪಚಕ್ಕೆಂದವು. ವ್ಯಾನು ನಿಧಾನವಾಗಿ, ಯಾರಿಗೂ ತೊಂದರೆ ಕೊಡುವ ಮನಸ್ಸಿಲ್ಲದಂತೆ, ಇಳಿಜಾರಿಗೆ ಹೊರಟಿತು.

ಒಳಗಿದ್ದ ವೀರಮ್ಮನಿಗೆ ಮೊದಲು ಕಿಟಕಿಯಲ್ಲಿ ಹೊಂಗೆಮರ ಹಿಂದಕ್ಕೆ ಹೋದದ್ದು ಕಂಡಿತು. ಆಮೇಲೆ ಬಾವಿ ಹೋಯಿತು, ಆಮೇಲೆ ಬಾಯಿ ತೆರೆದು ನಿಂತ ವಿಶ್ವಾರಾಧ್ಯರು ಹೋದರು. ಅಯ್ಯೋ ಶಿವನೇ, ಹೋಯ್ತಲ್ಲ ನನ್ನ ಮನೆ ಅಂದುಕೊಂಡಳು. ತಾನು ಸಾಯಬಹುದು ಅಂತ ಆ ಹೊತ್ತಿನಲ್ಲಿ ಅವಳಿಗೆ ಹೊಳೆಯಲೇ ಇಲ್ಲ. ಒಂದು ಕೈಯಲ್ಲಿ ಹಾಲಿನ ಪಾತ್ರೆ, ಇನ್ನೊಂದು ಕೈ ಗೌರಿಯ ಕೊರಳಲ್ಲಿ. ಗೌರಿ ಮಾತ್ರ ತೋರಣ ಅಗಿಯುತ್ತಲೇ ಇತ್ತು. ಹಿಂದೆ ಅಯ್ಯನವರು ಗಂಟೆ ಹಿಡಿದುಕೊಂಡೇ ಓಡಿ ಬರುತ್ತಿದ್ದರು, ಅವರ ಹಿಂದೆ ಚಕ್ಕುಲಿ ಡಬ್ಬಿ ಸಮೇತ ಶಕುಂತಲಮ್ಮ.

ವ್ಯಾನು ಗೊಬ್ಬರದ ಗುಂಡಿಗೆ ಮೂತಿ ಹಾಕಿ ದಡಕ್ಕನೆ ನಿಂತಿತು. ಪಾತ್ರೆಯ ಹಾಲೆಲ್ಲ ಭಗ್ಗನೆ ಮೇಲೆದ್ದು ಮುಂದಕ್ಕೆ ಚೆಲ್ಲಿತು.

ಅಯ್ಯನವರು ಏದುಸಿರು ಬಿಡುತ್ತ ಬಂದು ಒಳಗೆ ಇಣುಕಿದರು. ಹಸು ಒಳಗಿತ್ತು. ಗೃಹಿಣಿ ಒಳಗಿದ್ದಳು, ಮೈಗೇನೂ ಆಗಿರಲಿಲ್ಲ. ಹಾಲು ಹರಿದ ದಿಕ್ಕು ನೋಡಿ, ಸೂರ್ಯನನ್ನು ನೋಡಿ, ಗಂಟೆ ಬಾರಿಸಿದರು.

"ಪೂರ್ವಕ್ಕೇ ಉಕ್ಕಿದೆ. ಗೃಹಪ್ರವೇಶ ಸಾಂಗವಾಯ್ತು."

ಶಿವರಾಮ ಒಪ್ಪುತ್ತಾನೆಯೇ? ಉಕ್ಕಿದ್ದಲ್ಲ, ಚೆಲ್ಲಿದ್ದು ಅಂದ. ಮನೆ ಎಲ್ಲಾದರೂ ಓಡುತ್ತದೆಯೇ ಅಂದ. ಎಲ್ಲರೂ ಕಣ್ಣಾರೆ ನೋಡಿದ್ದಾರೆ, ಓಡಿದ್ದು ವಾಹನ, ಇವತ್ತೇ ಹೊರಗೆ ಹೋಗಬೇಕು ಅಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ವೀರಮ್ಮನ ಸಂಕಟ. ಹಾಲಿನಲ್ಲಿ ನೆಂದ ಸೀರೆಯಲ್ಲೇ ಮಂಚದ ಮೇಲೆ ಕುಸಿದು ಕೂತಳು.

ಪರಮೇಶ್ವರಪ್ಪನ ಮುಖ ನೋಡುವಂತಿರಲಿಲ್ಲ. ಹೆಂಡತಿಯ ಕಡೆ ತಿರುಗದೆ ನೇರ ಸ್ಟೇರಿಂಗಿಗೆ ಹೋಗಿ ಕೂತು, ಇಂಜಿನ್ ಚಾಲೂ ಮಾಡಿ, ರಿವರ್ಸ್ ಹಾಕಿದ. ಹಿಂದಿನ ಚಕ್ರ ಗುಂಡಿಯ ಅಂಚಿನ ಹಸಿ ಗೊಬ್ಬರದಲ್ಲಿ ಗಿರ್ರನೆ ತಿರುಗಿ, ಬಳಗದ ಇಡೀ ವರ್ಷದ ಸಂಪತ್ತನ್ನು ಪಕ್ಕದಲ್ಲಿ ನಿಂತಿದ್ದ ಶಿವರಾಮನ ಮೇಲೆ ಎರಚಿತು. ವ್ಯಾನು ಮಾತ್ರ ಇನ್ನಷ್ಟು ಕೆಳಗೆ ಕೂತಿತು. ಪರಮೇಶ್ವರಪ್ಪ ಕೆಳಗಿಳಿದು, ಬಗ್ಗಿ, ಅಡಿಗೆಲ್ಲ ಕಣ್ಣು ಹಾಯಿಸಿ, ಗೊಬ್ಬರ ಅಚ್ಚಿನವರೆಗೆ ಬಂದಿದೆ, ಇದಕ್ಕೆ ಭದ್ರಾವತಿಯಿಂದ ಕ್ರೇನೇ ಬರಬೇಕು ಅಂದ.

ಕರೆಸಿ ಅಂದ ಶಿವರಾಮ, ಮುಖ ಒರೆಸಿಕೊಳ್ಳುತ್ತ.

ವಿಶ್ವಾರಾಧ್ಯರು ಮೆಲ್ಲಗೆ ಕೆಮ್ಮಿದರು. ಕ್ರೇನಿಗೆ ಮೋಟಾರು ಇರುತ್ತಲ್ಲಪ್ಪಾ ಅಂದರು. ಇವತ್ತು ಬಸವ ಜಯಂತಿ. ಮೋಟಾರು ಇರುವ ಯಾವುದೂ ಇವತ್ತಿನಿಂದ ಗೇಟಿನೊಳಗೆ ಬರುವಂತಿಲ್ಲ. ವಿನಾಯಿತಿ ಇಲ್ಲ ಅಂತ ನೀನೇ ಹೇಳಿದ್ದಲ್ಲವಾ?

ಶಿವರಾಮ ಕಿವಿಗಂಟಿದ ಗೊಬ್ಬರ ಕೊಡವಿದ. ಬೇಕಾದರೆ ನಿಯಮ ಬದಲಿಸೋಣ ಅಂದ. ಬದಲಿಸುವುದಕ್ಕೆ ಎಲ್ಲರ ಒಪ್ಪಿಗೆ ಬೇಕಲ್ಲ, ಎಲ್ಲರೂ ಅಲ್ಲೇ ಇದ್ದರು. ಈ ಸಲ ಪರಮೇಶ್ವರಪ್ಪ ಪೂರ್ತಿ ಎಚ್ಚರವಾಗಿದ್ದ.

"ನನ್ನ ಆಕ್ಷೇಪಣೆ ಇದೆ" ಅಂದ, ಹೆಂಡತಿಯ ಮುಖ ನೋಡುತ್ತ.

ಅಷ್ಟು ಹೇಳಿದವನು ವ್ಯಾನಿನ ಬಾನೆಟ್ಟು ಸವರಿ, ಇನ್ನು ನಮಗೆ ಬಸ್ಸೇ ಗತಿ ಅಂದ. ಅವನ ಧ್ವನಿ ಸ್ವಲ್ಪ ಬಿದ್ದಿತ್ತು. ವೀರಮ್ಮನಿಗೆ ಆ ಮನುಷ್ಯನ ಮೇಲಿದ್ದ ಸಿಟ್ಟೆಲ್ಲ ಒಮ್ಮೆಗೇ ಇಳಿದುಹೋಯಿತು. ಮಧ್ಯಾಹ್ನ ಅವನು ಹಾರೆ ಹಿಡಿದು ಹಿಂದಿನ ಚಕ್ರದಡಿ ಮಣ್ಣು ಬಗೆದು, ವ್ಯಾನನ್ನು ಸಮನಾಗಿ ಕೂರಿಸಿದ. ಸಂಜೆಗೆ ನೋಡಿದರೆ ಹತ್ತುವುದಕ್ಕೆ ಹಲಗೆಯೇ ಬೇಕಿರಲಿಲ್ಲ. ನಂಬರ್ ಪ್ಲೇಟಿನ ಹೊಸ್ತಿಲು ನೆಲದ ಮಟ್ಟಕ್ಕೆ ಬಂದಿತ್ತು. ಗೌರಿ ತೋರಣ ಮುಗಿಸಿಕೊಂಡು ತಾನಾಗಿ ಇಳಿದು ಹೋಯಿತು.

ಈ ಗಲಾಟೆಯಲ್ಲಿ ಶಕುಂತಲಮ್ಮನಿಗೆ ಬಸ್ಸು ತಪ್ಪಿತು. ಬನ್ನಿನ ವಾಸನೆಯ ಜೊತೆಗೆ ಈಗ ಗೊಬ್ಬರದ ವಾಸನೆಯೂ ಸೇರಿದ್ದ ಆ ಮನೆಯಲ್ಲಿ, ವೀರಮ್ಮನ ಮಂಚದಲ್ಲಿ ಅವಳು ಮಲಗಿದಳು. ವೀರಮ್ಮ ಕೆಳಗೆ ಚಾಪೆ ಹಾಸಿಕೊಂಡಳು.

ಬೆಳಗ್ಗೆ ವೀರಮ್ಮ ಗೂಡಿನ ಮುಂದೆ ಪಾತ್ರೆ ಜೋಡಿಸುತ್ತಿದ್ದಾಗ ಬಾಗಿಲಿಗೆ ನೆರಳು ಬಿತ್ತು. ತಿರುಗಿ ನೋಡಿದಳು. ಶಕುಂತಲಮ್ಮ ಬಾವಿಕಟ್ಟೆಯಲ್ಲಿ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು ಬಂದಿದ್ದಳು. ಒಳಗೆ ಕಾಲಿಡಲಿಲ್ಲ, ಹೊಸ್ತಿಲಾಚೆಯೇ ನಿಂತಳು. ಒದ್ದೆ ಸೆರಗಿನ ತುದಿ ಹಿಂಡುತ್ತ, ಅದೇನೋ ಹೊಸ ಕೆಲಸ ಕಲಿಯುತ್ತಿರುವವಳ ಹಾಗೆ, ತಡವರಿಸಿ ಕೇಳಿದಳು.

"ವೀರಾ, ಇವತ್ತು ಏನು ಸಾರು?"

ವೀರಮ್ಮ ತಗಡಿನ ಸೂರು ನೋಡುತ್ತ ಒಂದು ಗಳಿಗೆ ಯೋಚಿಸಿದಳು. ಉತ್ತರ ಆಗಲೇ ಗೊತ್ತಿತ್ತು, ಆದರೂ ಯೋಚಿಸಿದಳು.

"ಹುರುಳಿ" ಅಂದಳು. "ಒಳಗೆ ಬಾ ಅಕ್ಕಾ."