ಸಿದ್ದರಾಮಪ್ಪನವರು ದಾಟಿದ ರಸ್ತೆ

ಸಿದ್ದರಾಮಪ್ಪನವರಷ್ಟು ಶ್ರದ್ಧೆಯಿಂದ ನಿಲ್ಲಬಲ್ಲ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಭಾನುವಾರದ ಬೆಳಗಿನಲ್ಲಿ ಜರ್ಮನಿಯ ಬೊಬ್ಲಿಂಗೆನ್ನಿನ ರಸ್ತೆಗಳು ತೊಳೆದು ಬೋರಲಿಟ್ಟ ಪಾತ್ರೆಗಳಂತೆ ಖಾಲಿಯಿರುತ್ತವೆ. ಕಣ್ಣು ಹಾಯುವಷ್ಟು ದೂರ ಒಂದು ಸೈಕಲ್ಲೂ ಇರುವುದಿಲ್ಲ. ಅಂಥ ರಸ್ತೆಯ ಅಂಚಿನಲ್ಲಿ, ಬೂದುಬಣ್ಣದ ಕೋಟಿಗೆ ಕೊರಳಿನವರೆಗೂ ಗುಂಡಿ ಹಾಕಿಕೊಂಡು, ಪಾದಗಳೆರಡನ್ನೂ ಜೋಡಿಸಿ, ಸಿಗ್ನಲ್ಲಿನ ಕೆಂಪು ದೀಪದೆದುರು ಅವರು ಧ್ಯಾನಸ್ಥರಾಗಿರುತ್ತಾರೆ. ಒಮ್ಮೆ ದೀಪ ಕೆಟ್ಟು ಕೆಂಪಿನಲ್ಲೇ ನಿಂತುಬಿಟ್ಟಿತ್ತು. ಇವರು ಕಾದ ಅವಧಿಯಲ್ಲಿ ದೇಶದಲ್ಲಿ ಎರಡು ಸರ್ಕಾರಗಳು ಬದಲಾದವೆಂದು ನಾನು ಹೇಳಿದರೆ ನಂಬಬೇಡಿ, ಬದಲಾದದ್ದು ಒಂದೇ.

ಬಾಗಲಕೋಟೆಯ ಕಡೆಯ ಈ ಎಂಜಿನಿಯರು ಇಪ್ಪತ್ತೆಂಟು ವರ್ಷ ಕಾರುಗಳ ಬ್ರೇಕು ಪರೀಕ್ಷಿಸಿ ನಿವೃತ್ತರಾದವರು. ನಡೆದರೆ ನೆಲ ಅಳೆದಂತೆ ನಡೆಯುತ್ತಾರೆ. ಮಾತನಾಡಿದರೆ ‘ಕಾಯ್ದೆ ಪ್ರಕಾರ ಹೇಳಬೇಕಂದ್ರ’ ಎಂದು ಶುರುಮಾಡಿ, ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಗಿದೆ ಎಂಬಲ್ಲಿಗೆ ಮುಗಿಸುತ್ತಾರೆ.

ಹೋದ ವರ್ಷ ಅನರ್ಥವೊಂದು ನಡೆಯಿತು. ಅವರ ಪತ್ನಿ ವಿಜಯಶ್ರೀಯವರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳಾಗಿತ್ತು. ಹಸಿರು ಬಿದ್ದಾಗ ಇವರು ಆಕೆಯ ತೋಳು ಹಿಡಿದು ಹೊರಟರು. ಅರ್ಧ ದಾರಿಯಲ್ಲಿ ದೀಪ ಕೆಂಪಾಯಿತು. ಹೊರಟವರು ದಾಟಿ ಮುಗಿಸಬೇಕೆಂದೇ ಇಲ್ಲಿಯ ನಿಯಮ. ಕಾಯ್ದೆಯನ್ನೆಲ್ಲ ಕಂಠಸ್ಥ ಮಾಡಿದ ಮಹಾನುಭಾವರು ಆ ಕ್ಷಣಕ್ಕೆ ಅದೊಂದನ್ನೇ ಮರೆತು, ತೋಳು ಬಿಟ್ಟು, ನಾಲ್ಕೇ ಹೆಜ್ಜೆಯಲ್ಲಿ ಫುಟ್‌ಪಾತಿಗೆ ಮರಳಿಬಿಟ್ಟರು. ನಡುರಸ್ತೆಯಲ್ಲಿ ಕೋಲೂರಿ ನಿಂತ ಆಕೆಯನ್ನು ಯಾರೋ ವ್ಯಾನಿನವನು ಇಳಿದು ಬಂದು ದಾಟಿಸಿದ.

“ಇನ್ನ ನಿಮ್ಮ ಕೂಡ ನಾ ರಸ್ತಾ ದಾಟಂಗಿಲ್ಲ,” ಎಂದರು ವಿಜಯಶ್ರೀ, ಆಚೆ ಬದಿಯಿಂದ.

ಆಮೇಲೂ ರೊಟ್ಟಿ ಬಡಿದರು, ಜೊತೆಗೆ ಕೂತು ಉಂಡರು, ನಕ್ಕರು. ಆದರೆ ರಸ್ತೆ ಬಂದರೆ ಮಾತ್ರ ಪಕ್ಕದ ಮನೆಯ ನನ್ನ ತೋಳು ಹಿಡಿಯುತ್ತಿದ್ದರು, ಅಲ್ಲಿ ಗಂಡನೊಡನೆ ಮಾತೇನಿದ್ದರೂ ನನ್ನ ಮೂಲಕವೇ. ಹನ್ನೊಂದು ತಿಂಗಳು ಆ ದಾಂಪತ್ಯಕ್ಕೆ ನಾನು ಅಂಬಿಗನಾಗಿದ್ದೆ. ನಮ್ಮ ಹಿಂದೆ, ಮುಂದಿನ ಹಸಿರಿಗೆ ಕಾದು ಬಂದು, ಸಿದ್ದರಾಮಪ್ಪನವರು ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು: “ಏನರ ಅಂದಳೇನ್ರಿ?”

“ಇಲ್ಲ.”

“ಸಿಟ್ಟ ಇಳಿದಂಗ ಕಾಣಸ್ತೈತೇನ್ರಿ?”

“ಮೊಣಕಾಲ ಬಾವು ಇಳದೈತಿ,” ಎನ್ನುತ್ತಿದ್ದೆ.

ಮಗಳು ಪವಿ ಜರ್ಮನ್ನಿನಲ್ಲಿ ನಿರ್ಧರಿಸಿ ಕನ್ನಡದಲ್ಲಿ ತಿಳಿಸುವ ಹುಡುಗಿ. “ಪಪ್ಪಾ, ಆಂಪೆಲ್ ಇಲ್ಲದ ಊರಿಗೆ ಹೋಗಿ ಬರ್ರಿ,” ಎಂದು ಥಿಂಪುವಿಗೆ ಟಿಕೆಟ್ ತೆಗೆಸಿದಳು. ಭೂತಾನದ ಆ ರಾಜಧಾನಿಯಲ್ಲಿ ಆಂಪೆಲ್, ಅಂದರೆ ಸಿಗ್ನಲ್ ದೀಪ, ಒಂದೂ ಇಲ್ಲವಂತೆ. ಅಂಬಿಗನಿಲ್ಲದೆ ಹೋಗುವುದೆಂತು? ನನಗೂ ಒಂದು ಟಿಕೆಟ್ ಬಂತು.

ಥಿಂಪುವಿನ ಹೆಬ್ಬೀದಿಯ ಹೆಸರು ನೊರ್ಜಿನ್ ಲಾಮ್. ಬಣ್ಣದ ಚಿತ್ತಾರ ಬರೆದ ಮರದ ಕಿಟಕಿಗಳು, ಮೊಣಕಾಲುದ್ದದ ಕಾಲುಚೀಲ ತೊಟ್ಟ ಗಂಭೀರ ಗಂಡಸರು, ಬೀದಿಯನ್ನು ಸಂಸಾರಸಮೇತ ಬಾಡಿಗೆಗೆ ಹಿಡಿದಂತೆ ಮಲಗಿದ ನಾಯಿಗಳು. ನಾಲ್ಕು ದಾರಿ ಕೂಡುವಲ್ಲಿ ಚಿತ್ರ ಬಿಡಿಸಿದ ಪುಟ್ಟ ಮಂಟಪ. ಅದರೊಳಗೆ ಬಿಳಿ ಕೈಗವಸಿನ ಪೊಲೀಸ. ಆತನ ಕೈಗಳಲ್ಲಿ ಮೂಳೆಗಳಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಆ ಸೌಷ್ಠವದಿಂದ ಆತ ಕಾರುಗಳನ್ನಷ್ಟೇ ಅಲ್ಲ, ಮೋಡಗಳನ್ನೂ ತಡೆದು ಕಳಿಸುತ್ತಿದ್ದ.

ಆತ ಎರಡೂ ಕಡೆಯ ವಾಹನ ನಿಲ್ಲಿಸಿ, ನಮ್ಮತ್ತ ತಿರುಗಿ, ಬನ್ನಿರೆಂದು ಕೈ ಬೀಸಿದ. ಸಿದ್ದರಾಮಪ್ಪನವರು ಪಾದ ಜೋಡಿಸಿ ನಿಂತರು.

“ಎದಿ ನಮ್ಮ ಕಡೆ ಐತಿ. ಪೊಲೀಸನ ಎದಿ ಕಂಡ್ರ ನಿಲ್ಲಬೇಕು. ಜರ್ಮನಿ ಡ್ರೈವಿಂಗ್ ಪರೀಕ್ಷಾದಾಗ ಬರದೀನಿ.”

“ಅಂವ ಕೈ ಮಾಡಿ ಕರಿಯಾಕತ್ತಾನ,” ಎಂದರು ವಿಜಯಶ್ರೀ, ನನಗೆ. “ಅವರಿಗೆ ಹೇಳ್ರಿ.”

“ಕೇಳಿಸ್ತು,” ಎಂದರು ಸಿದ್ದರಾಮಪ್ಪನವರು, ನನಗೇ.

ವಿಜಯಶ್ರೀ ನನ್ನ ತೋಳನ್ನೂ ಬಿಟ್ಟು ಒಬ್ಬರೇ ಹೊರಟರು. ನಡುರಸ್ತೆಯಲ್ಲಿ ಮೊಣಕಾಲು ಹಿಡಿದುಕೊಂಡಿತು. ಕೋಲೂರಿ ನಿಂತರು, ತಿರುಗಿ ನೋಡಲಿಲ್ಲ. ನಾನು ಹೆಜ್ಜೆಯೆತ್ತಿದೆ. ಸಿದ್ದರಾಮಪ್ಪನವರು ನನ್ನ ಭುಜ ಹಿಡಿದು ಹಿಂದೆ ಸರಿಸಿದರು. ಪೊಲೀಸನ ಎದೆಯನ್ನೊಮ್ಮೆ ನೋಡಿದರು, ಹೆಂಡತಿಯ ಬೆನ್ನನ್ನೊಮ್ಮೆ ನೋಡಿದರು, ಇಳಿದರು. ಅಳತೆಯ ನಡಿಗೆ ಹೋಗಿ ಓಟವಾಯಿತು. ಆಕೆಯ ತೋಳು ಹಿಡಿಯುವಷ್ಟರಲ್ಲಿ ಆಚೆ ಬದಿಯ ಟ್ಯಾಕ್ಸಿಯೊಂದು ತಾಳ್ಮೆಗೆಟ್ಟು ಕದಲಿತು. ಇನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ಬರುತ್ತಾರೆಂದುಕೊಂಡೆ. ಅವರು ಟ್ಯಾಕ್ಸಿಯತ್ತ ಅಂಗೈ ಚಾಚಿ, ಆಕೆಯ ಹೆಜ್ಜೆಗೆ ಹೆಜ್ಜೆಯಿಟ್ಟು, ದಾಟಿಸಿದರು.

ನಾನು ತಲುಪಿದಾಗ ವಿಜಯಶ್ರೀ ಅಂಗಡಿಯ ಮೆಟ್ಟಿಲ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದರು.

“ಹೆಂಗ ಬಂದ್ರಿ?” ಎಂದು ಗಂಡನನ್ನೇ ಕೇಳಿದರು.

“ಕಲಮು ಮೂವತ್ತಾರು,” ಎಂದರು ಅವರು, ಏದುಸಿರಿನ ನಡುವೆ. “ಪೊಲೀಸ ತಾನಽ ಕರದ್ರ ಅದು ಆಜ್ಞಾ. ಉಳಿದ ನಿಯಮಕ್ಕೆಲ್ಲಾ ಮ್ಯಾಲ.”

ಜರ್ಮನಿಯ ಕಲಮು ಹಿಮಾಲಯ ಹತ್ತಿ ಬಂದು ಭೂತಾನದ ಪೊಲೀಸನಿಗೆ ಅನ್ವಯಿಸುವುದು ಹೇಗೆಂದು ಕೇಳಲು ನಾನು ಬಾಯಿ ತೆರೆದೆ. ವಿಜಯಶ್ರೀ ನನ್ನನ್ನು ನೋಡಿದ ರೀತಿಗೆ ಮುಚ್ಚಿದೆ.

“ಹಂಗಾರ ಬರೋಬ್ಬರಿ ಆತು,” ಎಂದು ಆಕೆ ಕೈ ಚಾಚಿದರು. ಚಾಚಿದ್ದು ನನ್ನತ್ತ ಅಲ್ಲ. ಹನ್ನೊಂದು ತಿಂಗಳ ನನ್ನ ಉದ್ಯೋಗ ಅಲ್ಲಿಗೆ, ಪಿಂಚಣಿಯಿಲ್ಲದೆ, ಮುಗಿಯಿತು.

ಇಂಥವರನ್ನು ನಿಯಮದ ದಾಸರೆಂದು ಜನ ಹಗುರವಾಗಿ ಆಡಿಕೊಳ್ಳುತ್ತಾರೆ. ನಾನೂ ಆಡಿಕೊಂಡು ಹೊಟ್ಟೆ ಹೊರೆದವನೇ. ಆದರೆ ಅವರ ಅಂತಃಕರಣ ನಮ್ಮದಕ್ಕಿಂತ ನಿಧಾನದ್ದಲ್ಲ, ಸಂಕೋಚದ್ದು. ಮಾಡಬೇಕಾದದ್ದನ್ನು ಮಾಡಿಬಿಡುತ್ತಾರೆ, ಪ್ರೀತಿಯಿಂದ ಮಾಡಿದೆವೆಂದು ಒಪ್ಪಿಕೊಳ್ಳಲು ನಾಚಿ, ಆಮೇಲೆ ಅದಕ್ಕೊಂದು ಕಲಮು ಹುಡುಕುತ್ತಾರೆ. ಅವರೊಡನೆ ಬಾಳುವೆ ಮಾಡುವ ಜಾಣರು ಆ ಕಲಮು ಯಾವ ಪುಟದಲ್ಲಿದೆ ಎಂದು ಕೇಳುವುದಿಲ್ಲ.