ಹುಣಸೆಕುಪ್ಪೆಗೆ ಟೂರು

ಸೀತಾ ವೆಂಕಟಸುಬ್ಬಯ್ಯನ ಗುರುತು ಹಿಡಿದದ್ದು ಅವನ ಮುಖದಿಂದಲ್ಲ, ಅವನು ಕೇಸರಿಬಾತು ತಿನ್ನುವ ರೀತಿಯಿಂದ.

ಅವಳು ಕೆಲಸ ಮಾಡುವ ಪೀಣ್ಯದ ಕಾರ್ಖಾನೆಗೆ ಅವನು ಫೋರ್ಮನ್ ಆಗಿ ವರ್ಗವಾಗಿ ಬಂದು ಆಗಿನ್ನೂ ಕೆಲವೇ ದಿನವಾಗಿತ್ತು. ಯಾರದೋ ಪ್ರಮೋಷನ್ ಅಂತ ಕ್ಯಾಂಟೀನಿನಲ್ಲಿ ಸಿಹಿ ಹಂಚಿದ್ದರು. ಅವನು ಗೋಡಂಬಿಗಳನ್ನೆಲ್ಲ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿಟ್ಟುಕೊಂಡ. ಬಾತು ಮುಗಿದ ಮೇಲೆ ಒಂದೊಂದನ್ನೇ ಎತ್ತಿ ಬಾಯಿಗೆ ಎಸೆದುಕೊಂಡ. ಎದುರು ಬೆಂಚಿನಲ್ಲಿದ್ದ ಸೀತಾಳ ಕೈ ತಟ್ಟೆಯ ಮೇಲೇ ನಿಂತುಹೋಯಿತು. ಆ ಸಾಲನ್ನು ಅವಳು ಹಿಂದೊಮ್ಮೆ ನೋಡಿದ್ದಳು.

ಆಗ ಅವಳು ಲಂಗ ತೊಡುವ ಹುಡುಗಿ. ಮಾಕಳಿ ದಾಟಿ, ತುಮಕೂರು ರಸ್ತೆ ಬಿಟ್ಟು, ಗಾಡಿ ಜಾಡಿನಲ್ಲಿ ಒಳಗೆ ಹೋದರೆ ಸಿಗುವ ಹುಣಸೆಕುಪ್ಪೆ ಅವಳ ಊರು. ಅಪ್ಪ ಕೃಷ್ಣಸ್ವಾಮಿ ಅಲ್ಲಿ ಸ್ಕೂಲು ಮೇಷ್ಟ್ರು. ಅಕ್ಕ ವೆಂಕಟಲಕ್ಷ್ಮಿಯನ್ನು ನೋಡೋಕೆ ಬೆಂಗಳೂರಿನಿಂದ ಹುಡುಗ ಬಂದಿದ್ದ. ಜೊತೆಗೆ ಇಬ್ಬರು ಸ್ನೇಹಿತರು, ಹಿರಿಯರು ಯಾರೂ ಇರಲಿಲ್ಲ. ತಂದೆಗೆ ಜ್ವರ ಅಂದಿದ್ದ. ಜಗಲಿಯ ಮೇಲೆ ಕೂತು ಮೂವರೂ ಎರಡೆರಡು ಸಲ ಹಾಕಿಸಿಕೊಂಡು ತಿಂದರು. ನೀರಿನ ಲೋಟ ಹಿಡಿದು ನಿಂತ ಸೀತಾ ಹುಡುಗನ ತಟ್ಟೆಯ ಗೋಡಂಬಿ ಸಾಲನ್ನೇ ನೋಡುತ್ತಿದ್ದಳು. ಹೊರಡುವಾಗ ಹುಡುಗ ಎಲ್ಲ ಗಂಡಿನ ಕಡೆಯವರೂ ಹೇಳುವ ಮಾತನ್ನೇ ಹೇಳಿದ: "ಮನೆಗೆ ಹೋಗಿ ತಿಳಿಸ್ತೀವಿ."

ತಿಳಿಸಲಿಲ್ಲ. ಒಪ್ಪಿಗೆಯೂ ಬರಲಿಲ್ಲ, ಇಲ್ಲ ಅಂತಲೂ ಬರಲಿಲ್ಲ. ಒಂದು ಕಡೆಯಿಂದ ಇಲ್ಲ ಅಂತ ಬರುವ ತನಕ ಇನ್ನೊಬ್ಬರ ಮುಂದೆ ಮಗಳನ್ನು ಕೂರಿಸುವುದು ಮರ್ಯಾದೆಯಲ್ಲ ಅನ್ನುವವರು ಅಪ್ಪ. ನೆಲಮಂಗಲದಿಂದ ಒಳ್ಳೆಯ ಸಂಬಂಧ ಕೇಳಿಕೊಂಡು ಬಂದರೆ, "ಒಂದು ಕಡೆ ಮಾತು ನಡೀತಿದೆ" ಅಂತ ವಾಪಸ್ಸು ಕಳಿಸಿದರು. ಆಮೇಲೆ ಬಂದವರಿಗೂ ಹಾಗೇ. ಸುತ್ತಲ ಊರಿನಲ್ಲಿ ಆ ಹುಡುಗಿಗೆ ಗಂಡು ಗೊತ್ತಾಗಿದೆಯಂತೆ ಅಂದರು, ಬಳಿಕ ಗೊತ್ತಾದದ್ದು ಮುರಿದುಹೋಯಿತಂತೆ ಅಂದರು. ಆಮೇಲೆ ಯಾರೂ ಬರಲಿಲ್ಲ. ಅಪ್ಪ ಸಾಯುವ ಮುಂಚೆಯೂ ಬಾಗಿಲ ಕಡೆ ನೋಡಿ, "ಪೋಸ್ಟಿನವನು ಬಂದ್ನಾ?" ಅಂದಿದ್ದರು. ಅಕ್ಕ ರವಿಕೆ ಹೊಲಿದು ಸೀತಾಳನ್ನು ಓದಿಸಿದಳು, ಕೆಲಸಕ್ಕೆ ಹಚ್ಚಿದಳು, ಮದುವೆ ಮಾಡಿ ದಾಸರಹಳ್ಳಿಗೆ ಕಳಿಸಿದಳು. ತಾನು ಅಲ್ಲೇ ಉಳಿದಳು.

ಸೀತಾಳಿಗೆ ಬೇಕಾಗಿದ್ದು ಒಂದೇ. ಅವನು ಅದೇ ಜಗಲಿಯ ಮೇಲೆ ಕೂತು, ನಾಲ್ಕು ಜನರೆದುರು, ಅಕ್ಕನ ಮುಖ ನೋಡಿ ಉತ್ತರ ಹೇಳಬೇಕು.

ರಿಕ್ರಿಯೇಷನ್ ಕ್ಲಬ್ಬಿನ ಕಮಿಟಿಯಲ್ಲಿ ಅವಳಿದ್ದಳು. ವರ್ಷದ ಟೂರಿನ ಮಾತು ಬಂದಾಗ, "ಈ ಸಲ ಮೈಸೂರೂ ಬೇಡ, ಊಟೀನೂ ಬೇಡ. ಯಾರೂ ನೋಡದೇ ಇರೋ ಒಂದು ಹಳ್ಳಿಗೆ ಹೋಗೋಣ" ಅಂದಳು.

ಟೂಲ್ ರೂಮಿನ ಉಪೇಂದ್ರ ನಕ್ಕ. "ಹಳ್ಳೀಲಿ ಏನಿದೆ ಗುರು ನೋಡೋಕೆ? ಎಮ್ಮೆ ಪಕ್ಕ ನಿಂತು ಫೋಟೋ ಹೊಡೆಸ್ಕೋಬೇಕಾ?"

"ಎಮ್ಮೆ ಒಪ್ಪಿದ್ರೆ ಹೊಡೆಸ್ಕೋ," ಅಂದಳು ಸೀತಾ. "ಬೃಂದಾವನದಲ್ಲಿ ಅದೇ ದೀಪ, ಅದೇ ನೀರು. ಎಷ್ಟು ಸಲ ನೋಡ್ತೀಯ?"

ಅವಳ ಪರವಾಗಿ ಮಾತಾಡಿದವನು ವೆಂಕಟಸುಬ್ಬಯ್ಯನೇ. "ಸೀತಾ ಹೇಳೋದು ಸರಿ ಕಣ್ರೀ. ಸಿಟಿ ಎಲ್ಲಾ ಒಂದೇ. ಮಜಾ ಇರೋದು ಸಣ್ಣ ಊರಲ್ಲಿ. ನಾನು ತಿರುಗಿದಷ್ಟು ಹಳ್ಳಿ ನೀವ್ಯಾರೂ ತಿರುಗಿಲ್ಲ."

"ಥ್ಯಾಂಕ್ಸ್ ಸಾರ್," ಅಂದಳು. ಮನಸ್ಸಿನಲ್ಲಿ ಅವನಿಗೆ ಯಾವತ್ತೂ ಬಹುವಚನ ಕೊಟ್ಟವಳಲ್ಲ.

ಭಾನುವಾರ ಬಸ್ಸು ಹುಣಸೆಕುಪ್ಪೆಗೆ ಹೊರಟಿತು. ವೆಂಕಟಸುಬ್ಬಯ್ಯನ ಹೆಂಡತಿ ಸುಬ್ಬಲಕ್ಷ್ಮಿ ಕಿಟಕಿ ಪಕ್ಕ ಕೂತಿದ್ದರು. ಮಾಕಳಿ ದಾಟಿ ಹೊಲ ಕಂಡ ಕೂಡಲೇ ಅವರ ಮುಖ ಅರಳಿತು. "ಚಂದಾಪುರದ ಹತ್ರ ನಮ್ಮೂರೂ ಹೀಗೇ ಇತ್ತು ಸೀತಾ. ನನ್ನ ನೋಡೋಕೆ ಬಂದಾಗ ಇವ್ರು ಮೂರು ಮೈಲಿ ನಡ್ಕೊಂಡೇ ಬಂದಿದ್ರು. ಅವತ್ತೇ ಒಪ್ಪಿಬಿಟ್ರು, ಗೊತ್ತಾ?"

ಸೀತಾ ಹೂಂಗುಟ್ಟಿದಳು. ಈ ಹೆಂಗಸಿನ ಮೇಲೆ ತನಗೆ ಸಿಟ್ಟಿಲ್ಲ ಅಂತ ಒಳಗೊಳಗೇ ಹೇಳಿಕೊಂಡಳು. ಬಸ್ಸು ಹಳ್ಳಿ ಸೇರುವ ತನಕ ಹೇಳಿಕೊಳ್ಳುತ್ತಲೇ ಇದ್ದಳು.

ಕೆರೆ ನೋಡಿದರು, ವೀರಗಲ್ಲು ನೋಡಿದರು. ಉಪೇಂದ್ರ ನಿಜವಾಗಿಯೂ ಎಮ್ಮೆ ಪಕ್ಕ ನಿಂತು ಫೋಟೋ ಹೊಡೆಸಿಕೊಂಡ. ಬಿಸಿಲೇರಿದ ಮೇಲೆ ಸೀತಾ ಎಲ್ಲರನ್ನೂ ತನ್ನ ಮನೆಗೆ ಕರೆದುಕೊಂಡು ಹೋದಳು. ಕಾರ್ಖಾನೆಯವರು ತಿಂಡಿಗೆ ಬರುತ್ತಾರೆ ಅಂತ ಮಾತ್ರ ಅಕ್ಕನಿಗೆ ಹೇಳಿದ್ದಳು. ಉಪ್ಪಿಟ್ಟು, ಕೇಸರಿಬಾತು ಆಗಬೇಕು ಅಂತಲೂ ಹೇಳಿದ್ದಳು. ಯಾಕೆ ಅದೇ ಅಂತ ಅಕ್ಕ ಕೇಳಿರಲಿಲ್ಲ.

ವೆಂಕಟಸುಬ್ಬಯ್ಯ ಜಗಲಿಯ ಕಂಬಕ್ಕೆ ಒರಗಿ ಕೂತ. ಅಕ್ಕ ಬಡಿಸುತ್ತಾ ಬಂದಳು. ಅವನು ಮುಖ ಎತ್ತಿ ನೋಡಿದ, ಮತ್ತೆ ತಟ್ಟೆ ನೋಡಿದ. ಒಂದು ಚೂರೂ ಗುರುತು ಹತ್ತಲಿಲ್ಲ. ಬೆರಳು ಮಾತ್ರ ಗೋಡಂಬಿ ಆರಿಸತೊಡಗಿತು. ಸಾಲು ಬೆಳೆಯುವುದನ್ನು ನೋಡಿ ಅಕ್ಕನ ಕೈಯಲ್ಲಿದ್ದ ಸೌಟು ಪಾತ್ರೆಗೆ ತಗುಲಿ ಸದ್ದಾಯಿತು. ಅವಳು ಸೀತಾಳ ಕಡೆ ತಿರುಗಿ ನೋಡಿದಳು. ಸೀತಾ ಕಣ್ಣು ತಪ್ಪಿಸಲಿಲ್ಲ.

"ಸಾರ್, ಅಷ್ಟೊಂದು ಹಳ್ಳಿ ಯಾವಾಗ ತಿರುಗಿದ್ರಿ?" ಅಂತ ಉಪೇಂದ್ರ ಕೇಳಿದ.

"ಬ್ಯಾಚುಲರ್ ಆಗಿದ್ದಾಗ ಕಣೋ. ಭಾನುವಾರ ರೂಮಲ್ಲಿ ಕೂತು ಏನ್ ಮಾಡೋದು? ನಾವು ಮೂವರು ಫ್ರೆಂಡ್ಸು ಸೇರಿ ಒಂದು ಉಪಾಯ ಮಾಡಿದ್ವಿ. ಯಾವುದಾದ್ರೂ ಹಳ್ಳೀಲಿ ಹೆಣ್ಣಿದೆ ಅಂತ ಗೊತ್ತಾದ್ರೆ, ನೋಡೋಕೆ ಬರ್ತೀವಿ ಅಂತ ಹೇಳಿ ಕಳಿಸೋದು. ಹೋಗೋದು, ಊರು ನೋಡೋದು, ರಾಜೋಪಚಾರದ ತಿಂಡಿ ಹೊಡೆಯೋದು, ಮನೆಗೆ ಹೋಗಿ ತಿಳಿಸ್ತೀವಿ ಅನ್ನೋದು. ಒಂದು ವಾರ ನಾನು ಗಂಡು, ಮುಂದಿನ ವಾರ ಇನ್ನೊಬ್ಬ." ಅವನು ಹೆಂಡತಿಯ ಕಡೆ ಕೈ ತೋರಿಸಿದ. "ಕೊನೇಗೆ ಒಂದೂರಲ್ಲಿ ಸಿಕ್ಕಿಹಾಕ್ಕೊಂಡೆ, ನೋಡು."

ಎಲ್ಲರೂ ನಕ್ಕರು. ಸುಬ್ಬಲಕ್ಷ್ಮಿಯವರು ತುಸು ತಡವಾಗಿ ನಕ್ಕರು.

ಇಷ್ಟು ವರ್ಷ ಸೀತಾ, ಅವನು ಅಕ್ಕನನ್ನು ನೋಡಿ ಬೇಡ ಅಂದುಕೊಂಡ, ಆ ಮಾತನ್ನು ತಿಳಿಸದೆ ಹೋದ ಅಂತ ತಿಳಿದಿದ್ದಳು. ಅವನು ನೋಡೇ ಇರಲಿಲ್ಲ. ಅಪ್ಪ ಕಾದದ್ದು ಯಾರೂ ಕೇಳದೇ ಇದ್ದ ಪ್ರಶ್ನೆಯ ಉತ್ತರಕ್ಕೆ.

"ಈ ಊರಿಗೂ ಬಂದಿದ್ರಿ ಸಾರ್," ಅಂದಳು. "ಇದೇ ಕಂಬಕ್ಕೆ ಒರಗಿ ಕೂತಿದ್ರಿ. ನಿಮಗೆ ನೀರು ಕೊಟ್ಟೋಳು ನಾನೇ."

ಅವನು ತಲೆ ಎತ್ತಿ ಕಂಬ ನೋಡಿದ, ಅವಳನ್ನು ನೋಡಿದ.

"ನಿಮ್ಮಿಂದ ಮಾತು ಬರದೆ ಇನ್ನೊಬ್ಬರಿಗೆ ತೋರಿಸಬಾರದು ಅಂತ ನಮ್ಮಪ್ಪ ಬಂದ ಸಂಬಂಧನೆಲ್ಲಾ ವಾಪಸ್ ಕಳಿಸಿದ್ರು. ಅವರು ಹೋದ್ರು. ಹುಡುಗಿ ಇಲ್ಲೇ ಇದಾಳೆ, ಈಗ ತಾನೆ ಬಡಿಸಿದ್ಲು. ಈಗಲಾದ್ರೂ ಹೇಳ್ಬಿಡಿ. ಒಪ್ಪಿಗೇನಾ, ಇಲ್ವಾ?"

ಅವನು ನಗಲು ನೋಡಿದ. "ಅದೇನೋ ಆ ವಯಸ್ಸಿನ ಹುಡುಗಾಟ... ಇಷ್ಟು ದಿನ ಆದ್ಮೇಲೆ..."

ಅಕ್ಕ ಅವನ ಮುಂದೆ ಬಂದು ಬಗ್ಗಿದಳು. ಇನ್ನೊಂದು ಸೌಟು ಕೇಸರಿಬಾತು ಹಾಕಿದಳು. "ತಿನ್ನಿ. ಗೋಡಂಬಿ ಜಾಸ್ತಿ ಇದೆ. ಆಗಲೂ ಎರಡು ಸಲ ಹಾಕಿಸ್ಕೊಂಡಿದ್ರಿ."

ಅಷ್ಟೇ ಹೇಳಿ ಪಕ್ಕದವರ ತಟ್ಟೆಗೆ ಹೋದಳು. ತಟ್ಟೆಯಲ್ಲಿ ಬಿಡುವ ಹಾಗಿಲ್ಲ, ನುಂಗುವ ಹಾಗೂ ಇಲ್ಲ. ಅವನು ತುತ್ತು ಎತ್ತಿದ, ಇಳಿಸಿದ.

ಆಗ ಸುಬ್ಬಲಕ್ಷ್ಮಿಯವರು ಕೇಳಿದರು. ಧ್ವನಿ ಏರಲೇ ಇಲ್ಲ. "ರೀ, ನಮ್ಮೂರಿಗೆ ಬಂದಾಗಲೂ ತಿಂಡಿಗೇ ಬಂದಿದ್ರಾ?"

ಅವನು ಗೋಡಂಬಿಯ ಸಾಲನ್ನೇ ನೋಡುತ್ತಾ ಕೂತ. ಸೀತಾ ಆ ಮುಖವನ್ನು ಕಣ್ಣು ತುಂಬಾ ನೋಡಿದಳು. ಅವಳು ಹೂಡಿದ್ದು ಒಂದು ಏಟು, ಬಿದ್ದದ್ದು ಎರಡು. ಎರಡನೆಯದು ಅವಳ ಲೆಕ್ಕದಲ್ಲಿರಲಿಲ್ಲ. ಆದರೆ ಬೇಡ ಅನ್ನುವ ಮನಸ್ಸೂ ಅವಳಿಗಿರಲಿಲ್ಲ.

ಹೊರಡುವಾಗ ಅಕ್ಕ ಸುಬ್ಬಲಕ್ಷ್ಮಿಯವರನ್ನು ಒಳಗೆ ಕರೆದು ಕುಂಕುಮ ಕೊಟ್ಟಳು. ಇಬ್ಬರೂ ಹೊರಗೆ ಬರಲು ಸ್ವಲ್ಪ ಹೊತ್ತಾಯಿತು. ಸೀತಾಳ ಪಕ್ಕಕ್ಕೆ ಬಂದಾಗ ಅಕ್ಕ, "ಇದನ್ನ ಮಾಡೋ ಮುಂಚೆ ನನ್ನ ಒಂದು ಮಾತು ಕೇಳ್ಬೇಕಿತ್ತು ಕಣೇ" ಅಂದಳು. ಬಳಿಕ, "ಕೇಳಿದ್ರೂ ಬೇಡ ಅಂತಿರ್ಲಿಲ್ಲ" ಅಂತ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಬಸ್ಸಿನಲ್ಲಿ ಸುಬ್ಬಲಕ್ಷ್ಮಿಯವರು ಹೆಂಗಸರ ಸೀಟಿಗೆ ಬಂದು ಕೂತರು. ಮಾಕಳಿ ಹತ್ತಿರ ಬರುವಾಗ ವೆಂಕಟಸುಬ್ಬಯ್ಯ ಎದ್ದು ಬಂದ. ಮೇಲಿನ ಸರಳು ಹಿಡಿದು ಬಗ್ಗಿ, "ಸುಬ್ಬೂ, ಎಲ್ಲರೂ ನೋಡ್ತಿದಾರೆ. ಅಲ್ಲಿ ಬಂದು ಕೂತ್ಕೋ. ನಿನ್ನ ಮನಸ್ಸಲ್ಲಿ ಏನಿದೆ, ಅದನ್ನಾದ್ರೂ ಹೇಳು" ಅಂದ.

ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಮನೆಗೆ ಹೋಗಿ ತಿಳಿಸ್ತೀನಿ," ಅಂದರು.

ಕೂರೋಕೆ ಜಾಗವಿದ್ದರೂ ವೆಂಕಟಸುಬ್ಬಯ್ಯ ದಾಸರಹಳ್ಳಿಯ ತನಕ ಸರಳು ಹಿಡಿದು ನಿಂತೇ ಬಂದ. ಸೀತಾ ಅವನ ಬೆನ್ನು ನೋಡುತ್ತಾ, ಸೋಮವಾರ ಕ್ಯಾಂಟೀನಿನ ಮುನಿಯಣ್ಣನಿಗೆ ಹೇಳಿ ಕೇಸರಿಬಾತು ಮಾಡಿಸಬೇಕು, ಗೋಡಂಬಿ ಧಾರಾಳವಾಗಿ ಹಾಕಲಿ ಅಂದುಕೊಂಡಳು.